ಚೌಳು ಮಣ್ಣಿನ ಮಾಳಿಗೆ

ಚಳ್ಳಕೆರೆಯ ನಮ್ಮ ಹಳೆಯ ಮನೆಯ ನಡುಮನೆಯಲ್ಲಿ ಹೋದ ವರ್ಷ ಒಂದು ಜಂತೆ ಮುರಿದು ಅಂಗೈಯಗಲ ಆಕಾಶ ಕಂಡಿತು. ಕೆಡವಿ ಆರ್‌ಸಿಸಿ ಹಾಕಿಸೋಣವೆಂದು ನಾನು, ಬೇಡವೆಂದು ಅಪ್ಪ.

ಚಳ್ಳಕೆರೆ, ಮೊಳಕಾಲ್ಮೂರು ಮಳೆ ಕಡಿಮೆಯ ಸೀಮೆ. ಇಲ್ಲಿ ಮಣ್ಣಿನ ಮಾಳಿಗೆ ಹಳೆಯ ರೂಢಿ. ತೊಲೆಯ ಮೇಲೆ ಜಂತೆ, ಅದರ ಮೇಲೆ ಒತ್ತಾಗಿ ಕಟ್ಟಿಗೆಯ ಚಕ್ಕೆ, ಸೊಪ್ಪು, ಮಣ್ಣು, ಎಲ್ಲಕ್ಕೂ ಮೇಲೆ ಚೌಳು. ಚೌಳಿನಲ್ಲಿ ಸೋಡಿಯಂ ಹೆಚ್ಚು. ನೆನೆದೊಡನೆ ಜೇಡಿಯ ಕಣಗಳು ಬಿಡಿಬಿಡಿಯಾಗಿ ಸಂದುಗಳನ್ನು ಮುಚ್ಚುತ್ತವೆ, ನೀರು ಕೆಳಗಿಳಿಯದು. ಹೊಲದಲ್ಲಿ ಬೆಳೆ ಕೊಲ್ಲುವುದೂ ಇದೇ ಮಣ್ಣು! ಆದರೆ ಮಳೆ ಅದನ್ನು ತೊಳೆದೊಯ್ಯುತ್ತದೆ, ಆಗಾಗ ಹೊಸದಾಗಿ ಹರಡಲೇಬೇಕು. ಮೊಳಕಾಲ್ಮೂರಿನ ನೇಕಾರರಿಗಂತೂ ಸೋರುವ ಸೂರೆಂದರೆ ಮಗ್ಗದ ಮೇಲಿನ ರೇಷ್ಮೆಗೇ ಕುತ್ತು.

ಅದೇ ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಬಿ.ಎಲ್. ರೈಸ್ ಅಶೋಕನ ಶಾಸನ ಕಂಡರು, 1947ರಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ನಡೆಸಿದರು. ಬಂಡೆಯ ಅಕ್ಷರಕ್ಕೆ ಎರಡು ಸಾವಿರ ವರ್ಷ ಮೀರಿದ ಆಯುಸ್ಸು. ಮಣ್ಣಿನ ಸೂರಿಗೆ, ಯಾರಾದರೂ ಮೇಲೆ ಹತ್ತುವಷ್ಟು ದಿನ.

ನಾವು ಹತ್ತುವುದನ್ನು ಬಿಟ್ಟಿದ್ದೆವು. ಮಣ್ಣು ಹೊರುವ ಕಾಟ ತಪ್ಪಲೆಂದು ಮಾಳಿಗೆಗೆ ಸಿಮೆಂಟು ಬಳಿಸಿದವನು ನಾನೇ. ಬಿಸಿಲಿಗೆ ಅದು ಬಿರಿಯಿತು. ಬಿರುಕಿನಲ್ಲಿ ಇಳಿದ ನೀರು ಆರಲು ದಾರಿಯಿಲ್ಲದೆ ಜಂತೆಗಳನ್ನು ಮೇಲಿನಿಂದ ಕೊಳೆಸಿತ್ತು. ಕೆಳಗಿನಿಂದ ನೋಡಿದರೆ ಎಲ್ಲ ನೆಟ್ಟಗೆ!

ಸಿಮೆಂಟು ಕಿತ್ತು ಏಳು ಜಂತೆ ಬದಲಿಸಿದೆವು. ಚೌಳು ತರಲು ಹೋದಾಗ ಯಾವುದೆಂದು ನನಗೆ ಗುರುತೇ ಸಿಗಲಿಲ್ಲ. ಹುಲ್ಲೂ ಹುಟ್ಟದೆ ಬೆಳ್ಳಗೆ ಪೊರೆಗಟ್ಟಿದ ಜಾಗವನ್ನು ಅಪ್ಪ ಕೋಲಿನಿಂದ ತೋರಿಸಿದರು.