ಗೌರವಧನ

ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಆಶಾ ಕಾರ್ಯಕರ್ತೆಯರೋ ಬಿಸಿಯೂಟದ ಅಡುಗೆಯವರೋ ಧರಣಿ ಕುಳಿತಾಗಲೆಲ್ಲ, ಅವರ ಸಂಘಗಳಿಗೂ ಸರ್ಕಾರಕ್ಕೂ ನಡೆಯುವ ಮಾತುಕತೆಯಲ್ಲಿ ತಪ್ಪದೆ ಕೇಳಿಬರುವ ಶಬ್ದವಿದು. ‘ಗುರು’ ಎಂದರೆ ಭಾರವುಳ್ಳದ್ದು. ಅದರ ಭಾವವೇ ‘ಗೌರವ’. ತೂಕವೆಂಬ ಮೂಲಾರ್ಥವು ಕಾಲಕ್ರಮದಲ್ಲಿ ಘನತೆಯೆಂದೂ ಮನ್ನಣೆಯೆಂದೂ ವಿಸ್ತರಿಸಿತು. (ಕೈಗೆ ಬರುವ ಹಣ ಹಗುರವಾದರೂ ಹೆಸರು ಮಾತ್ರ ಭಾರವಾಗಿಯೇ ಉಳಿದಿದೆ.) ಮರಾಠಿಯ ‘ಮಾನಧನ’, ಹಿಂದಿಯ ‘ಮಾನದೇಯ’, ತೆಲುಗಿನ ‘ಗೌರವ ವೇತನ’ಗಳು ಇದರ ಸೋದರಪದಗಳು; ಇಂಗ್ಲಿಷಿನ ‘ಆನರೇರಿಯಂ’ ಲ್ಯಾಟಿನ್ ಮೂಲದ್ದು.

ಭಾಷಣಕ್ಕೆ ಬಂದ ವಿದ್ವಾಂಸನಿಗೆ ಫಲತಾಂಬೂಲದೊಡನೆ ಅರ್ಪಿಸುವ ಕಾಣಿಕೆಗೆ ಈ ಪದ ಒಪ್ಪುವುದು. ಆದರೆ ನಿತ್ಯವೂ ಗರ್ಭಿಣಿಯರ ಮನೆಗಳಿಗೆ ಎಡತಾಕುವ, ಶಾಲೆಯ ಒಲೆಯಿಂದ ಸಾಂಬಾರಿನ ಪಾತ್ರೆ ಇಳಿಸುವ ದುಡಿಮೆಗೆ, ಪಾಣಿನಿಯೂ ಬಲ್ಲ ‘ವೇತನ’ವೆಂಬ ಹಳೆಯ ಮಾತೇ ಯುಕ್ತ. ವೇತನವೆಂದೊಡನೆ ಕನಿಷ್ಠ ಕೂಲಿ, ಗ್ರಾಚ್ಯುಟಿಗಳ ಹಕ್ಕು ಹಿಂಬಾಲಿಸುವುದರಿಂದಲೇ ಸರ್ಕಾರಿ ಕಡತಗಳು ಆ ಪದಕ್ಕೆ ಅಂಜುತ್ತವೆ. ಇಂಥವರನ್ನು ಕಾರ್ಮಿಕರೆಂದೇ ಗುರುತಿಸಬೇಕೆಂದು ಭಾರತೀಯ ಕಾರ್ಮಿಕ ಸಮ್ಮೇಳನವು 2013ರಲ್ಲಿಯೇ ಶಿಫಾರಸು ಮಾಡಿತ್ತು. ಅಂಗನವಾಡಿ ಕಾರ್ಯಕರ್ತೆಯರ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು 2022ರ ಏಪ್ರಿಲ್‌ನಲ್ಲಿ, ಗ್ರಾಚ್ಯುಟಿ ಕಾಯಿದೆಯ ಮಟ್ಟಿಗೆ ಗೌರವಧನವೂ ವೇತನವೇ ಎಂದು ತೀರ್ಪಿತ್ತಿದೆ.