ನಾಲ್ಕು ಸಲ ಕುಂಡ ಬದಲಿಸಿದ ಊರು

ಹೋದ ಫೆಬ್ರವರಿಯಲ್ಲಿ ನನ್ನ ಬೋನ್ಸಾಯ್ ಆಲದ ಎಲೆಗಳು ಹಳದಿಯಾಗಿ ಉದುರೋಕೆ ಶುರುವಾದವು. ಹರಪನಹಳ್ಳಿಯ ನಮ್ಮ ಮನೆ ಗೋಡೆಯ ಬಿರುಕಲ್ಲಿ ಹುಟ್ಟಿದ ಸಸಿ ಅದು. ಬೆಂಗಳೂರಿನ ಬಾಲ್ಕನಿಗೆ ತಂದು ಆರು ವರ್ಷವಾಗಿತ್ತು. ನೀರು ಹಾಕಿದೆ, ಗೊಬ್ಬರ ಹಾಕಿದೆ, ಊಹೂಂ. ಫೋನಲ್ಲಿ ಅವ್ವ ಅಂದಳು: "ತಮ್ಮಾ, ಮ್ಯಾಗ ಏನ್ ನೋಡ್ತಿ? ಬೇರು ನೋಡು."

ಎತ್ತಿ ನೋಡಿದರೆ ಮಣ್ಣೇ ಕಾಣಲಿಲ್ಲ. ಬೇರುಗಳು ಕುಂಡದ ಆಕಾರಕ್ಕೇ ಸುತ್ತಿಕೊಂಡಿದ್ದವು. ತಳದಲ್ಲಿ ಕೆಲವು ಕೊಳೆತು ಕಪ್ಪಾಗಿದ್ದವು. ಕತ್ತರಿ ಹಿಡಿದು ಕೂತಾಗ ನನಗೆ ನೆನಪಾಗಿದ್ದು ನಮ್ಮೂರಿನ ಚರಿತ್ರೆ. ಅದನ್ನೂ ಹೀಗೇ ಮತ್ತೆ ಮತ್ತೆ ಕಿತ್ತು ನೆಟ್ಟಿದ್ದಾರೆ.

ನಮ್ಮದು ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಆದೋನಿ, ಆಲೂರು, ರಾಯದುರ್ಗ ಆ ಕಡೆ ಹೋದವು. ಹರಪನಹಳ್ಳಿ, ಹಡಗಲಿ, ಕೂಡ್ಲಿಗಿ ಮೈಸೂರಿಗೆ ಬಂದವು. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಈ ಮೂರರಲ್ಲಿ ಹರಪನಹಳ್ಳಿಯನ್ನು ಮಾತ್ರ ಅಲ್ಲಿಗೆ ಸೇರಿಸಿದರು. ಬಳ್ಳಾರಿಗಿಂತ ದಾವಣಗೆರೆ ನಮಗೆ ತುಂಬಾ ಹತ್ತಿರ, ಲೆಕ್ಕ ಸರಿಯಾಗೇ ಇತ್ತು.

ಪೆಟ್ಟು ಬಿದ್ದದ್ದು ಆಮೇಲೆ. 2012ರಲ್ಲಿ ಸಂಸತ್ತು ಒಪ್ಪಿದ 371(ಜೆ) ವಿಧಿಯಿಂದ ಬಳ್ಳಾರಿಯೂ ಸೇರಿ ಆರು ಜಿಲ್ಲೆಗಳಿಗೆ ಓದು, ಉದ್ಯೋಗದಲ್ಲಿ ಮೀಸಲಾತಿ ಬಂತು. ನನ್ನ ಜೊತೆ ಒಂದೇ ಬಸ್ಸಲ್ಲಿ ಓಡಾಡುತ್ತಿದ್ದ ಕೊಟ್ಟೂರಿನ ಗೆಳೆಯನಿಗೆ ಅದರ ಪ್ರಮಾಣಪತ್ರ ಸಿಕ್ಕಿತು, ನನಗಿಲ್ಲ. ಊರಲ್ಲಿ ಹೋರಾಟಗಳಾದವು. 2018ರಲ್ಲಿ ನಮ್ಮನ್ನು ಮತ್ತೆ ಬಳ್ಳಾರಿಗೆ ಸೇರಿಸುವ ತೀರ್ಮಾನವಾಯ್ತು. 2021ರಲ್ಲಿ ಹೊಸಪೇಟೆ ಕೇಂದ್ರವಾಗಿ ವಿಜಯನಗರ ಜಿಲ್ಲೆ ಬಂತು. ಈಗ ಹರಪನಹಳ್ಳಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಕೂಡ್ಲಿಗಿ ಎಲ್ಲಾ ಒಂದೇ ಕುಂಡದಲ್ಲಿವೆ.

ಬೋನ್ಸಾಯ್ ಚರಿತ್ರೆಯಲ್ಲೂ ಇಂಥದ್ದೊಂದು ವಲಸೆಯಿದೆ. 1923ರ ಭೂಕಂಪದ ನಂತರ ಟೋಕಿಯೊದ ಬೋನ್ಸಾಯ್ ಬೆಳೆಗಾರರು ಒಳ್ಳೇ ಮಣ್ಣು, ನೀರು ಹುಡುಕುತ್ತಾ ಒಮಿಯಾಗೆ ಹೋದರು. 1925ರಲ್ಲಿ ಅಲ್ಲೊಂದು ಬೋನ್ಸಾಯ್ ಹಳ್ಳಿಯೇ ಶುರುವಾಯ್ತು. ಅವರು ತಮ್ಮ ಮಣ್ಣನ್ನು ತಾವೇ ಆರಿಸಿಕೊಂಡರು. ನಮ್ಮ ಮಣ್ಣನ್ನು ಪ್ರತಿಸಲ ಬೇರೆ ಯಾರೋ ಆರಿಸಿದರು. ವಾಪಸ್ ಬಳ್ಳಾರಿಗೆ ಹೋಗ್ತೀವಿ ಅಂದಾಗ ಮಾತ್ರ ಮೊದಲು ನಾವೇ ಬಾಯಿಬಿಟ್ಟು ಕೇಳಿದ್ದು.

ಕೊಳೆತ ಬೇರಷ್ಟನ್ನೇ ಕತ್ತರಿಸಿದೆ. ಸುತ್ತಿಕೊಂಡದ್ದನ್ನು ಕಡ್ಡಿಯಿಂದ ಮೆಲ್ಲಗೆ ಬಿಡಿಸಿದೆ. ಊರಿಂದ ತಂದ ಮಸಾರಿ ಮಣ್ಣಿಗೆ ದಪ್ಪ ಮರಳು, ಇಟ್ಟಿಗೆ ಚೂರು ಬೆರೆಸಿ ನೆಟ್ಟೆ. ಅಲುಗಾಡದ ಹಾಗೆ ತಂತಿ ಕಟ್ಟಿ ನೆರಳಲ್ಲಿಟ್ಟೆ. ಚಿಗುರುವ ತನಕ ಗೊಬ್ಬರ ಹಾಕಲಿಲ್ಲ. ಗಾಯವಾದ ಬೇರಿಗೆ ಅದು ಉರಿ.

ತಿಂಗಳು ಕಳೆದ ಮೇಲೆ ಕೆಂಪನೆಯ ಮೊಗ್ಗೊಡೆದು ಎರಡು ಎಲೆ ಬಂದವು. ಅವ್ವನಿಗೆ ಫೋನ್ ಮಾಡಿದೆ.

"ಚಿಗುರಿತೇನು? ಹಂಗಾದ್ರ ಇನ್ನ ಸ್ವಲ್ಪ ವರ್ಷ ಅದನ್ನ ಕೀಳಬ್ಯಾಡ," ಅಂದಳು.