ಆಯುಧವು ಆಟವಾದ ಕಥೆ

ಏಷ್ಯಾ ಕ್ರೀಡಾಕೂಟದ ವಾರ್ತೆಗಳಲ್ಲಿ ‘ವುಶು’ ಎಂಬ ಹೆಸರನ್ನು ತಾವು ಕೇಳಿರಬಹುದು. ಚೀನೀ ನುಡಿಯಲ್ಲಿ ‘ವು’ ಎಂದರೆ ಸಮರ, ‘ಶು’ ಎಂದರೆ ಕಲೆ. ‘ವು’ ಎಂಬ ಲಿಪಿಚಿಹ್ನೆಯಲ್ಲಿ ಎರಡು ಅಂಗಗಳುಂಟು: ಒಂದು ಆಯುಧ, ಇನ್ನೊಂದು ಪಾದ. ಆಯುಧ ಹಿಡಿದು ನಡೆಯುವುದೆಂಬುದೇ ಅದರ ಮೂಲಾರ್ಥವೆಂದು ಭಾಷಾವಿದ್ವಾಂಸರ ಅಭಿಪ್ರಾಯ. ಆದರೆ ‘ಜುವೊ ಜುವಾನ್’ ಎಂಬ ಪ್ರಾಚೀನ ಇತಿಹಾಸ ಗ್ರಂಥದಲ್ಲಿ ಚು ದೇಶದ ಅರಸನು ಆ ಪಾದವನ್ನು ‘ನಿಲುಗಡೆ’ ಎಂದು ಗ್ರಹಿಸಿ, ಆಯುಧವನ್ನು ನಿಲ್ಲಿಸುವುದೇ ‘ವು’ ಎಂದು ಅರ್ಥೈಸುತ್ತಾನೆ. ವುಶುವಿನ ಚರಿತ್ರೆಯೆಲ್ಲ ಈ ಎರಡು ಅರ್ಥಗಳ ನಡುವಣ ಪಯಣವೆನ್ನಬಹುದು.

ಸಾಗರ, ಹೊಸನಗರ, ತೀರ್ಥಹಳ್ಳಿಗಳ ನಮಗೆ ಇದು ತೀರ ಅಪರಿಚಿತ ಸಂಗತಿಯಲ್ಲ. ಕೆಳದಿ, ಇಕ್ಕೇರಿ, ಬಿದನೂರು, ಕವಲೇದುರ್ಗಗಳು ನಮ್ಮ ನೆರೆಯಲ್ಲಿಯೇ ಇವೆ. 1499ರಲ್ಲಿ ಮೊದಲಾದ ಕೆಳದಿಯ ಅರಸೊತ್ತಿಗೆ, 1763ರಲ್ಲಿ ಹೈದರಾಲಿ ಬಿದನೂರನ್ನು ವಶಪಡಿಸಿಕೊಂಡಾಗ ಮುಗಿಯಿತು. ಕೋಟೆಗಳು ಪಾಳುಬಿದ್ದವು. ಆದರೆ ಖಡ್ಗ ಮಾತ್ರ ನಮ್ಮ ಕಣ್ಣಿನಿಂದ ಮರೆಯಾಗಲಿಲ್ಲ. ವೀರಗಾಸೆಯವರ ಕೈಯಲ್ಲಿ ಅದನ್ನು ಇಂದಿಗೂ ಕಾಣುತ್ತೇವೆ. ಅದು ಯಾರನ್ನೂ ಕಡಿಯದು. ಒಡಪಿನ ಆರ್ಭಟಕ್ಕೆ, ವಾದ್ಯದ ಗತ್ತಿಗೆ ಮಿಂಚುತ್ತದೆ. ಎದುರಿಲ್ಲದ ವೈರಿಯೊಡನೆ ನಡೆಯುವ ಈ ಸಮರವನ್ನು ಬಲ್ಲವರಿಗೆ ವುಶುವಿನ ‘ತಾವೊಲು’ ವಿಭಾಗ ಸುಲಭವಾಗಿ ಅರ್ಥವಾದೀತು. ಅಲ್ಲಿಯೂ ಸ್ಪರ್ಧಿ ಕತ್ತಿ, ಈಟಿ, ದೊಣ್ಣೆಗಳನ್ನು ಹಿಡಿದು ಕ್ರಮಬದ್ಧವಾದ ವರಸೆಗಳನ್ನು ತೋರುತ್ತಾನೆ; ತೀರ್ಪುಗಾರರು ಅಂಕ ನೀಡುತ್ತಾರೆ.

ಈ ಕಲೆಯನ್ನು ಶಾವೊಲಿನ್ ವಿಹಾರಕ್ಕೆ ಕೊಂಡೊಯ್ದವನು ದಕ್ಷಿಣ ಭಾರತದ ಬೋಧಿಧರ್ಮನೆಂಬ ಐತಿಹ್ಯ ನಮಗೆ ಪ್ರಿಯವಾದದ್ದು. ಇತಿಹಾಸಕಾರರು ಅದನ್ನು ಒಪ್ಪುವುದಿಲ್ಲ. ಬಂದೂಕಿನ ಯುಗದಲ್ಲಿ ಮೂಲ ಪ್ರಯೋಜನವನ್ನು ಕಳೆದುಕೊಂಡ ಈ ವಿದ್ಯೆಯನ್ನು ರಾಷ್ಟ್ರೀಯ ವ್ಯಾಯಾಮವಾಗಿ ಉಳಿಸಲು 1928ರಲ್ಲಿ ನಾನ್‌ಜಿಂಗ್‌ನಲ್ಲಿ ಕೇಂದ್ರ ಸಂಸ್ಥೆಯೊಂದು ಸ್ಥಾಪನೆಯಾಯಿತು. 1936ರ ಬರ್ಲಿನ್ ಒಲಿಂಪಿಕ್ಸ್ ವೇಳೆ ಚೀನೀ ತಂಡವೊಂದು ಅದನ್ನು ಪ್ರದರ್ಶಿಸಿತು. 1950ರ ದಶಕದಿಂದ ಸರ್ಕಾರವು ವರಸೆಗಳಿಗೆ ಏಕರೂಪದ ನಿಯಮಗಳನ್ನು ರೂಪಿಸಿತು. 1990ರ ಬೀಜಿಂಗ್ ಏಷ್ಯಾ ಕ್ರೀಡಾಕೂಟದಲ್ಲಿ ವುಶುವಿಗೆ ಸ್ಥಾನ ದೊರೆಯಿತು. 1998ರ ಬ್ಯಾಂಕಾಕ್ ಕೂಟದಲ್ಲಿ ಇಬ್ಬರು ನೇರವಾಗಿ ಸೆಣಸುವ ‘ಸಾಂಡಾ’ವೂ ಸೇರಿತು. ಎತ್ತರದ ಜಗಲಿಯ ಮೇಲೆ, ಎರಡೆರಡು ನಿಮಿಷಗಳ ಸುತ್ತುಗಳಲ್ಲಿ, ಗುದ್ದು, ಒದೆತ, ಪಟ್ಟುಗಳಿಂದ ಸಾಗುವ ಕಾಳಗವಿದು. ಗುರುಪರಂಪರೆಗಳ ವೈವಿಧ್ಯ ಇದರಿಂದ ಸೊರಗಿತೆಂಬ ಆಕ್ಷೇಪ ನಿರಾಧಾರವಲ್ಲ. ಆದರೂ ಪರದೇಶದವರು ಸರಿಸಮಾನರಾಗಿ ಕಲಿತು ಸ್ಪರ್ಧಿಸಲು ನಿಯಮವೇ ದಾರಿ ಮಾಡಿಕೊಟ್ಟಿತು.

ಭಾರತಕ್ಕೆ ಆ ದಾರಿ ಈಶಾನ್ಯದಿಂದ ತೆರೆಯಿತು. 2006ರ ದೋಹಾ ಕೂಟದಲ್ಲಿ ಮಣಿಪುರದ ಬಿಮೋಲ್‌ಜಿತ್ ಸಿಂಗ್ ಕಂಚು ಪಡೆದರು. 2010ರಲ್ಲಿ ಗುವಾಂಗ್‌ಜೌನಲ್ಲಿ ಸಂಧ್ಯಾರಾಣಿ ದೇವಿ ಬೆಳ್ಳಿ ಗೆದ್ದರು.

2023ರಲ್ಲಿ ಮಾತ್ರ ‘ವು’ ಪದದ ಎರಡು ಅರ್ಥಗಳು ಮುಖಾಮುಖಿಯಾದವು. ಆ ಸೆಪ್ಟೆಂಬರಿನ ಹಾಂಗ್‌ಜೌ ಕೂಟಕ್ಕೆ ಆಯ್ಕೆಯಾಗಿದ್ದ ಅರುಣಾಚಲ ಪ್ರದೇಶದ ಮೂವರು ವುಶು ಆಟಗಾರ್ತಿಯರಿಗೆ ಚೀನಾದ ಪ್ರವೇಶ ದೊರೆಯಲಿಲ್ಲ. ಅವರ ನಾಡನ್ನು ಚೀನಾ ತನ್ನದೆನ್ನುತ್ತದೆ. ಅದೇ ತೊಡಕಿಗೆ ಕಾರಣ. ಭಾರತ ಸರ್ಕಾರ ಪ್ರತಿಭಟಿಸಿತು. ಕ್ರೀಡಾಸಚಿವರು ತಮ್ಮ ಪ್ರವಾಸವನ್ನು ರದ್ದುಪಡಿಸಿದರು. ಆಟಗಾರ್ತಿಯರು ಭಾರತದಲ್ಲಿಯೇ ಉಳಿದರು.

ಅದೇ ಕೂಟದಲ್ಲಿ ಮಣಿಪುರದ ರೋಶಿಬಿನಾ ದೇವಿ 60 ಕಿಲೋ ವಿಭಾಗದ ಅಂತಿಮ ಸುತ್ತಿಗೇರಿ, ಚೀನಾದ ಸ್ಪರ್ಧಿಗೆ ಸೋತು ಬೆಳ್ಳಿಯನ್ನು ಪಡೆದರು. ಆಗ ಅವರ ತವರೂ ಕಲಹದಲ್ಲಿ ಬೇಯುತ್ತಿತ್ತು. ಗೆದ್ದ ಪದಕವನ್ನು ಬರಲಾಗದೆ ಹೋದ ಆ ಗೆಳತಿಯರಿಗೆ ಅವರು ಅರ್ಪಿಸಿದರು.

ಜಗಲಿಯ ಮೇಲೆ ಎದುರಾಳಿಯನ್ನು ಎದುರಿಸುವ ಧೈರ್ಯವನ್ನು ಅಭ್ಯಾಸ ಕಲಿಸೀತು. ಜಗಲಿ ಏರಲಾಗದವರನ್ನು ಗೆಲುವಿನ ಗಳಿಗೆಯಲ್ಲಿ ನೆನೆಯುವುದು ಬೇರೆಯೇ ಸಂಸ್ಕಾರ. ಆಯುಧವನ್ನು ನಿಲ್ಲಿಸುವುದೇ ಶೌರ್ಯವೆಂದ ಆ ಪುರಾತನ ದೊರೆಯ ಮಾತನ್ನು ರಾಜಕಾರಣ ಮರೆತರೂ, ಇಪ್ಪತ್ತರ ಹರೆಯದ ಹೆಣ್ಣುಮಗಳೊಬ್ಬಳು ಮರೆಯಲಿಲ್ಲವೆಂದೇ ನಾನು ಭಾವಿಸುತ್ತೇನೆ.